ಮೈಯ ಬಣ್ಣ, ಭಾವದ ಬಣ್ಣ

ಜೈನ ಕರ್ಮಸಿದ್ಧಾಂತವು ಎಂಟು ಕರ್ಮಗಳನ್ನು ವಿವರಿಸುವಾಗ ಒಂದೊಂದಕ್ಕೂ ಒಂದು ಉಪಮೆಯನ್ನು ಕೊಡುತ್ತದೆ. ಮೋಹನೀಯವು ಮದ್ಯದಂತೆ, ಆಯುಕರ್ಮವು ಕಾಲಿಗೆ ತೊಡಿಸಿದ ಕೋಳದಂತೆ, ಗೋತ್ರಕರ್ಮವು ಕುಂಬಾರನಂತೆ. ನಾಮಕರ್ಮಕ್ಕೆ ಸಂದ ಉಪಮೆ ಚಿತ್ರಕಾರನದು. ಜೀವಕ್ಕೆ ಎಂತಹ ಶರೀರ, ಎಷ್ಟು ಎತ್ತರ, ಯಾವ ಬಣ್ಣ, ಎಂತಹ ದನಿ ಎಂಬುದನ್ನೆಲ್ಲ ಬಿಡಿಸುವವನು ಈ ಚಿತ್ರಕಾರ. ಅವನ ಕೆಲಸದ ವಿವರ ಬಹು ಸೂಕ್ಷ್ಮವಾದುದು. ಇತರ ಕರ್ಮಗಳಿಗೆ ಎರಡು, ನಾಲ್ಕು, ಐದು ಎಂದು ಭೇದಗಳನ್ನು ಎಣಿಸಿದರೆ, ನಾಮಕರ್ಮದ ಉತ್ತರಪ್ರಕೃತಿಗಳು 93. ದೇಹದ ಆಕಾರಕ್ಕೇ ಆರು ಸಂಸ್ಥಾನಗಳು. ಅದರಲ್ಲಿ ಸಮಪ್ರಮಾಣದ ಮೈಕಟ್ಟೂ ಉಂಟು, ಗೂನೂ ಉಂಟು, ಕುಳ್ಳೂ ಉಂಟು. ಮೈಬಣ್ಣಗಳು ಐದು.

ಈ ದೀರ್ಘ ಪಟ್ಟಿಯಲ್ಲಿ ಎರಡು ಪ್ರಕೃತಿಗಳು ಹದಿಹರೆಯದ ಮಕ್ಕಳಿರುವ ಮನೆಗಳಿಗೆ ವಿಶೇಷವಾಗಿ ಸಲ್ಲುತ್ತವೆ: ಸುಭಗ ಮತ್ತು ದುರ್ಭಗ. ಪರರ ಪ್ರೀತಿಗೆ ಪಾತ್ರನಾಗುವಂತೆ ಮಾಡುವುದು ಸುಭಗ. ದುರ್ಭಗವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ತಮ್ಮ 'ಸರ್ವಾರ್ಥಸಿದ್ಧಿ'ಯಲ್ಲಿ ಒಂದು ಮಾತನ್ನು ಸೇರಿಸುತ್ತಾರೆ. ರೂಪ ಮೊದಲಾದ ಗುಣಗಳಿದ್ದರೂ ಪರರಿಗೆ ಅಪ್ರಿಯನಾಗುವಂತೆ ಮಾಡುವುದು ದುರ್ಭಗ ಎನ್ನುತ್ತಾರೆ. ಚೆಲುವು ಬೇರೆ, ಇತರರ ಪ್ರೀತಿಗೆ ಪಾತ್ರವಾಗುವುದು ಬೇರೆ ಎಂಬುದನ್ನು ಆಚಾರ್ಯರು ಒಂದೇ ವಾಕ್ಯದಲ್ಲಿ ಕತ್ತರಿಸಿ ಇಟ್ಟಿದ್ದಾರೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಇಂದಿನ ಪರಿಸರವು ಹೇಳಿಕೊಡುತ್ತಿರುವುದು ಇದರ ನೇರ ವಿರೋಧವಾದ ಪಾಠವನ್ನು: ಚೆಲುವಿದ್ದರೆ ಮಾತ್ರ ಪ್ರೀತಿ, ಪ್ರೀತಿ ಸಿಗದಿದ್ದರೆ ಕೊರತೆ ಮೈಯಲ್ಲೇ ಇದೆ.

ಆ ಪಾಠದ ಮೊದಲ ಗುರುಗಳು ಜಾಹೀರಾತಿನವರಲ್ಲ, ಮನೆಯವರೇ. ಮದುವೆಯ ಮನೆಯಲ್ಲಿ ಎರಡು ವರ್ಷದ ಮೇಲೆ ಕಂಡ ಬಂಧುಗಳು ಹುಡುಗಿಯನ್ನು ನೋಡಿ ಆಡುವ ಮೊದಲ ಮಾತು "ಏನಮ್ಮಾ ಇಷ್ಟು ಕಪ್ಪಾಗಿದ್ದೀಯೆ" ಎಂಬುದು. ಎರಡನೆಯದು "ಮೊಡವೆಗೆ ಏನಾದರೂ ಹಚ್ಚಬಾರದೇ". ಹುಡುಗನಾದರೆ "ಅಪ್ಪನಷ್ಟು ಎತ್ತರ ಬರಲಿಲ್ಲ" ಎಂಬ ಲೆಕ್ಕಾಚಾರ. ಆಡಿದವರು ಊಟ ಮುಗಿಯುವುದರೊಳಗೆ ಅದನ್ನು ಮರೆಯುತ್ತಾರೆ. ಕೇಳಿಸಿಕೊಂಡ ಮಗು ಮುಂದಿನ ಸಮಾರಂಭಕ್ಕೆ ಬರಲು ಒಲ್ಲೆ ಎನ್ನುತ್ತದೆ. ಓದಿನ ನೆಪ ಹೇಳುತ್ತದೆ. ತಂದೆತಾಯಿಗಳು ಆ ನೆಪವನ್ನು ನಂಬಿ ಸಂತೋಷಪಡುವುದೂ ಉಂಟು. ವಧುವರರ ಜಾಹೀರಾತಿನಲ್ಲಿ ವಿದ್ಯೆ, ಉದ್ಯೋಗಗಳ ಪಕ್ಕದಲ್ಲೇ ಮೈಬಣ್ಣವನ್ನೂ ಒಂದು ಅರ್ಹತೆಯೆಂಬಂತೆ ನಮೂದಿಸುವ ಸಮಾಜದಲ್ಲಿ ಮಕ್ಕಳು ಬೇರೆ ಏನನ್ನು ಕಲಿಯಬೇಕು?

ಮನೆಯಲ್ಲಿ ಮೊಳೆತ ಈ ಬೀಜಕ್ಕೆ ಮಾರುಕಟ್ಟೆ ನೀರೆರೆಯಿತು. 1975ರಲ್ಲಿ ನಮ್ಮ ದೇಶದಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು ಮಾರಾಟಕ್ಕೆ ಬಂತು. ಬಿಳುಪು ಮತ್ತು ಒಲುಮೆ, ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಕೊಟ್ಟದ್ದೇ ಅದರ ಚಾತುರ್ಯ. ಕಪ್ಪು ಮೈಬಣ್ಣದವರನ್ನು ಕೀಳಾಗಿ, ದುಃಖಿಗಳಾಗಿ, ಕೆಲಸ ಸಿಗದವರಾಗಿ ತೋರಿಸಬಾರದೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯು ನಿಯಮ ಮಾಡಿದ್ದು 2014ರಲ್ಲಿ. ಮುಲಾಮಿನ ಹೆಸರು 'ಗ್ಲೋ ಅಂಡ್ ಲವ್ಲಿ' ಎಂದು ಬದಲಾದದ್ದು 2020ರಲ್ಲಿ. ಈ ನಡುವೆ ಒಂದು ಪೀಳಿಗೆ ತಾಯ್ತಂದೆಯರಾಗಿ ತಮ್ಮ ಮಕ್ಕಳ ಮುಖವನ್ನು ಅದೇ ಕಣ್ಣಿನಿಂದ ನೋಡತೊಡಗಿತ್ತು. ಈಗ ಕೈಯಲ್ಲಿರುವ ಮೊಬೈಲು ಇನ್ನೂ ಒಂದು ಹೆಜ್ಜೆ ಮುಂದಿದೆ. ಅದು ಮಗುವಿನ ಮುಖವನ್ನು ತಾನೇ ತಿದ್ದಿ, ಮೂಗನ್ನು ಸಣ್ಣದು ಮಾಡಿ, ಮೈಯನ್ನು ಬೆಳ್ಳಗೆ ಮಾಡಿ ತೋರಿಸುತ್ತದೆ. ಹಿಂದೆ ಮಕ್ಕಳು ಸಿನಿಮಾ ತಾರೆಯರೊಡನೆ ಹೋಲಿಸಿಕೊಂಡು ಕೊರಗುತ್ತಿದ್ದರು. ಇಂದು ತಮ್ಮದೇ ತಿದ್ದಿದ ಮುಖದೊಡನೆ ಹೋಲಿಸಿಕೊಂಡು ಕೊರಗುತ್ತಾರೆ.

ಚೆಲುವಿನ ಅಳತೆಗೋಲು ಎಷ್ಟು ಅಸ್ಥಿರವೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಂಗೈಗೆ, ಗಲ್ಲಕ್ಕೆ ಹಚ್ಚೆ ಹಾಕಿಸಿಕೊಳ್ಳುವುದು ಹೆಣ್ಣುಮಕ್ಕಳಿಗೆ ಸಡಗರದ ವಿಷಯವಾಗಿತ್ತು. ಅವರ ಮಕ್ಕಳು ಹಚ್ಚೆಯನ್ನು ಹಳ್ಳಿತನವೆಂದು ಮರೆಮಾಚಿದರು. ಮೊಮ್ಮಕ್ಕಳು ಇಂದು ನಗರದಲ್ಲಿ ಸಾವಿರಾರು ರೂಪಾಯಿ ತೆತ್ತು ಅದನ್ನೇ ಟ್ಯಾಟೂ ಎಂಬ ಹೆಸರಿನಲ್ಲಿ ಹಾಕಿಸಿಕೊಳ್ಳುತ್ತಿದ್ದಾರೆ. ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ ಒಂದು ಕಾಲಕ್ಕೆ ಅಚ್ಚುಕಟ್ಟು, ಇನ್ನೊಂದು ಕಾಲಕ್ಕೆ ಹಾಸ್ಯ. ಕಾಲದೊಂದಿಗೆ ಬದಲಾಗುವುದನ್ನು ಶಾಸ್ತ್ರವು ಪರ್ಯಾಯವೆನ್ನುತ್ತದೆ. ಪರ್ಯಾಯದ ಮೇಲೆ ಆತ್ಮವಿಶ್ವಾಸದ ಮನೆ ಕಟ್ಟಿದವರು ಪ್ರತಿ ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಡವಿ ಕಟ್ಟಬೇಕಾಗುತ್ತದೆ.

ರೂಪದ ವಿಷಯ ಬಂದಾಗಲೆಲ್ಲ ಜೈನ ಪ್ರವಚನಗಳಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆ ಕೇಳಿಬರುತ್ತದೆ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಒಂದು. ಸೌಧರ್ಮೇಂದ್ರನು ತನ್ನ ಸಭೆಯಲ್ಲಿ ಈ ಚಕ್ರವರ್ತಿಯ ಚೆಲುವನ್ನು ಹೊಗಳುತ್ತಾನೆ. ಅದನ್ನು ಕಣ್ಣಾರೆ ಕಾಣಲು ದೇವತೆಗಳು ವೇಷ ಮರೆಸಿ ಬರುತ್ತಾರೆ. ಆಗ ಚಕ್ರವರ್ತಿ ಒಡವೆ ವಸ್ತ್ರಗಳನ್ನು ಕಳಚಿ ಸ್ನಾನಕ್ಕೆ ಮುಂಚಿನ ಸ್ಥಿತಿಯಲ್ಲಿರುತ್ತಾನೆ. ದೇವತೆಗಳು ಬೆರಗಾಗುತ್ತಾರೆ. ಇದೇನು ಮಹಾ, ಅಲಂಕರಿಸಿಕೊಂಡು ಸಭೆಯಲ್ಲಿ ಕುಳಿತಾಗ ಬಂದು ನೋಡಿ ಎಂದು ಅವನು ಹೆಮ್ಮೆಯಿಂದ ಹೇಳಿ ಕಳಿಸುತ್ತಾನೆ. ಅವರು ಸಭೆಗೆ ಬಂದು ನೋಡಿ ಮುಖ ಬಾಡಿಸಿಕೊಳ್ಳುತ್ತಾರೆ. ಆಗ ಕಂಡ ರೂಪ ಈಗಾಗಲೇ ಕುಂದಿದೆ ಎನ್ನುತ್ತಾರೆ. ಸಭೆಯ ಯಾರಿಗೂ ಆ ವ್ಯತ್ಯಾಸ ತಿಳಿಯದು. ತುಂಬಿದ ಕೊಡದಿಂದ ಒಂದು ಹನಿ ನೀರನ್ನು ತೆಗೆದು, ಕಡಿಮೆಯಾದದ್ದು ಕಂಡಿತೇ ಎಂದು ಕೇಳಿ ಅವರು ಅದನ್ನು ಮನಗಾಣಿಸಿದರೆಂದು ಕಥೆಯ ಒಂದು ಪಾಠ ಹೇಳುತ್ತದೆ. ಚಕ್ರವರ್ತಿ ಆರು ಖಂಡಗಳ ರಾಜ್ಯವನ್ನು ಬಿಟ್ಟು ದೀಕ್ಷೆ ಪಡೆಯುತ್ತಾನೆ. ಮುಂದೆ ಅದೇ ಮೈಯನ್ನು ರೋಗಗಳು ಮುತ್ತುತ್ತವೆ. ವೈದ್ಯನ ವೇಷದಲ್ಲಿ ಬಂದ ದೇವನಿಗೆ ಮುನಿಯು, ಸಂಸಾರವೆಂಬ ರೋಗಕ್ಕೆ ಮದ್ದಿದ್ದರೆ ಕೊಡು ಎನ್ನುತ್ತಾನೆ.

ಮಹತ್ತಾದ ಕಥೆಯೇ ಹೌದು. ಆದರೆ ಅದು ರೂಪದ ಮದ ಏರಿದವನಿಗೆ ಹೇಳಿದ ಕಥೆ. ಕನ್ನಡಿಯ ಮುಂದೆ ನಿಲ್ಲಲು ಅಂಜುವ ಹುಡುಗಿಗೆ, ಮೈ ಬಡಕಲೆಂದು ತೋಳು ಮುಚ್ಚುವ ಅಂಗಿಯನ್ನೇ ತೊಡುವ ಹುಡುಗನಿಗೆ ಅದನ್ನೇ ಹೇಳಿ, ಜೊತೆಗೆ ಅಶುಚಿ ಭಾವನೆಯನ್ನೂ ಬೋಧಿಸಿ, ಈ ದೇಹ ಮಲಮೂತ್ರಗಳ ಚೀಲ, ಅದರ ಚಿಂತೆ ಬಿಡು ಎಂದರೆ ಆಗುವುದೇನು? ಈಗಾಗಲೇ ತನ್ನ ಮೈಯನ್ನು ಹೇಸುತ್ತಿರುವ ಮಗುವಿನ ಹೇಸಿಗೆಗೆ ಧರ್ಮದ ಮುದ್ರೆ ಬಿದ್ದಂತಾಗುತ್ತದೆ. ಪಿತ್ತಕ್ಕೆ ಕೊಡುವ ಮದ್ದನ್ನು ಶೀತಕ್ಕೆ ಕೊಡುವ ವೈದ್ಯನಿಲ್ಲ. ಹನ್ನೆರಡು ಅನುಪ್ರೇಕ್ಷೆಗಳನ್ನು ಕೊಟ್ಟ ಪರಂಪರೆಯೇ ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನೂ ಕೊಟ್ಟಿದೆ. ಮೂರನೆಯ ಅಂಗದ ಹೆಸರು ನಿರ್ವಿಚಿಕಿತ್ಸೆ, ಅಂದರೆ ಹೇಸದಿರುವುದು. ದೇಹವು ಸ್ವಭಾವದಿಂದ ಅಶುಚಿಯಾದರೂ ರತ್ನತ್ರಯದಿಂದ ಅದು ಪವಿತ್ರವಾಗುತ್ತದೆ, ಆದ್ದರಿಂದ ಜುಗುಪ್ಸೆ ಪಡದೆ ಗುಣದಲ್ಲಿ ಪ್ರೀತಿಯಿಡಬೇಕು ಎಂಬುದು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಮಂತಭದ್ರಾಚಾರ್ಯರ ಅಭಿಪ್ರಾಯ. ಈ ಅಂಗಕ್ಕೆ ಅವರು ಹೆಸರಿಸುವ ನಿದರ್ಶನ ಉದ್ದಾಯನ ರಾಜ. ರೋಗದಿಂದ ಕೊಳೆತಂತಿದ್ದ ಮುನಿಗೆ ಆಹಾರ ನೀಡಿ, ಆ ಮುನಿ ಮೈಮೇಲೆಯೇ ವಾಂತಿ ಮಾಡಿಕೊಂಡಾಗಲೂ ಮುಖ ಸಿಂಡರಿಸದೆ ತೊಳೆದು ಉಪಚರಿಸಿದವನು ಅವನು. ಪರರ ಮೈಯನ್ನು ಹೇಸಬಾರದೆಂಬ ಈ ನಿಯಮ ತನ್ನ ಸ್ವಂತ ಮೈಗೂ ಏಕೆ ಸಲ್ಲಬಾರದು? ಹದಿಹರೆಯದವರಿಗೆ ಮೊದಲು ಬೇಕಾದದ್ದು ಈ ಅಂಗ. ಅಶುಚಿ ಭಾವನೆಗೆ ಕಾಲ ಮುಂದಿದೆ.

ಅದೇ ಗ್ರಂಥವು ಎಂಟು ಮದಗಳನ್ನು ಎಣಿಸುವಾಗ ಕೊನೆಗೆ ಶರೀರದ ಮದವನ್ನು ಹೇಳುತ್ತದೆ. ನಾನು ಚೆಲುವ ಎಂಬುದು ಮದವಾದರೆ, ನಾನು ಕುರೂಪಿ, ಆದ್ದರಿಂದ ನಾನು ಏನೂ ಅಲ್ಲ ಎಂಬ ದೈನ್ಯವೂ ಅದೇ ಕೊಡದ ನೀರು. ಎರಡೂ ಆತ್ಮವನ್ನು ಮೈಯ ಕೋಲಿನಿಂದ ಅಳೆಯುತ್ತವೆ. ಆದ್ದರಿಂದ ಕೊರಗುವ ಮಗುವಿಗೆ "ಇಲ್ಲ, ನೀನು ಬಹಳ ಚೆಂದ" ಎಂದು ಹೇಳುವುದು ಆ ಕ್ಷಣದ ಸಮಾಧಾನವೇ ಹೊರತು ಪರಿಹಾರವಲ್ಲ. ಕೋಲು ಅದೇ ಉಳಿಯಿತಲ್ಲ!

ಬೇರೆ ಕೋಲು ಎಲ್ಲಿದೆ? ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನಿಗಾಗಿ ರಚಿಸಿದ 'ಗೊಮ್ಮಟಸಾರ'ದಲ್ಲಿ ಲೇಶ್ಯೆಯ ಪ್ರಕರಣವಿದೆ. ಅಲ್ಲಿ ಲೇಶ್ಯೆಯನ್ನು ಎರಡಾಗಿ ವಿಂಗಡಿಸಿದ್ದಾರೆ. ವರ್ಣನಾಮಕರ್ಮದ ಉದಯದಿಂದ ಮೈಗೆ ಬಂದ ಬಣ್ಣ ದ್ರವ್ಯಲೇಶ್ಯೆ. ಕಷಾಯದಿಂದ ಬಣ್ಣಗೊಂಡ ಮನವಚನಕಾಯಗಳ ಪ್ರವೃತ್ತಿ ಭಾವಲೇಶ್ಯೆ. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಹೆಸರುಗಳನ್ನು ಹಣ್ಣಿನ ಮರದ ದೃಷ್ಟಾಂತದಿಂದ ವಿವರಿಸುತ್ತಾರೆ. ದಾರಿ ತಪ್ಪಿದ ಆರು ಜನ ಕಾಡಿನಲ್ಲಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಒಬ್ಬನಿಗೆ ಮರವನ್ನು ಬೇರುಸಹಿತ ಕೀಳುವ ಮನಸ್ಸು, ಮತ್ತೊಬ್ಬನಿಗೆ ಕಾಂಡ ಕಡಿಯುವ ಮನಸ್ಸು. ಕೊಂಬೆ, ರೆಂಬೆ, ಹಣ್ಣು ಎಂದು ಇಳಿಯುತ್ತ ಬಂದು ಆರನೆಯವನು ಉದುರಿ ಬಿದ್ದ ಹಣ್ಣುಗಳೇ ಸಾಕೆನ್ನುತ್ತಾನೆ. ಹಸಿವು ಎಲ್ಲರಿಗೂ ಒಂದೇ. ಅವರಲ್ಲಿ ಯಾರ ಮೈ ಕಪ್ಪು, ಯಾರ ಮೈ ಬಿಳುಪು ಎಂಬ ಪ್ರಶ್ನೆಯೇ ಆ ದೃಷ್ಟಾಂತದಲ್ಲಿ ಏಳುವುದಿಲ್ಲ.

ಕೆಟ್ಟ ಭಾವಕ್ಕೆ ಕೃಷ್ಣವೆಂದೂ ಒಳ್ಳೆಯದಕ್ಕೆ ಶುಕ್ಲವೆಂದೂ ಹೆಸರಿಟ್ಟದ್ದರಿಂದಲೇ ಕಪ್ಪು ಕೀಳಾಯಿತಲ್ಲವೇ ಎಂದು ಜಾಣ ಮಕ್ಕಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆ ಗೊಂದಲ ಬಾರದಿರಲೆಂದೇ ಮೈಯ ಬಣ್ಣವನ್ನೂ ಭಾವದ ಬಣ್ಣವನ್ನೂ ಬೇರೆ ಬೇರೆ ಮಾಡಿ ಹೇಳಿದ್ದು. ಮನುಷ್ಯರಲ್ಲಿ ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಸಹಪಾಠಿಯ ಚಿತ್ರದ ಕೆಳಗೆ ಹಂಗಿಸುವ ಮಾತನ್ನು ಬರೆದು ನಗುವ ಬೆರಳು ಎಷ್ಟೇ ಬೆಳ್ಳಗಿದ್ದರೂ ಆ ಹೊತ್ತಿನ ಅದರ ಲೇಶ್ಯೆ ಶುಕ್ಲವಲ್ಲ.

ಇನ್ನು ತೀರ್ಥಂಕರರ ವರ್ಣಗಳನ್ನು ನೋಡಬಹುದು. ಚಂದ್ರಪ್ರಭ, ಪುಷ್ಪದಂತರು ಬಿಳಿಯ ಬಣ್ಣದವರು. ಪದ್ಮಪ್ರಭ, ವಾಸುಪೂಜ್ಯರು ಕೆಂಪು. ಸುಪಾರ್ಶ್ವ, ಪಾರ್ಶ್ವರು ಹಸಿರು. ಮುನಿಸುವ್ರತ, ನೇಮಿನಾಥರು ಶ್ಯಾಮಲವರ್ಣದವರು. ಉಳಿದ ಹದಿನಾರು ಮಂದಿಯದು ಚಿನ್ನದ ಬಣ್ಣ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಚಾವುಂಡರಾಯ ಬಸದಿಗೆ ಹೋದವರು ಕೈಮುಗಿಯುವುದು ನೇಮಿನಾಥನಿಗೆ. ಆ ಕಪ್ಪು ಸ್ವಾಮಿಗೆ ಅರ್ಘ್ಯವೆತ್ತಿ, ಮೆಟ್ಟಿಲಿಳಿಯುವಾಗ ಮಗಳಿಗೆ "ಬಿಸಿಲಿಗೆ ನಿಲ್ಲಬೇಡ, ಕಪ್ಪಾಗುತ್ತೀಯೆ" ಎನ್ನುವುದು ಎಂತಹ ಭಕ್ತಿ? ಎದುರಿನ ಬೆಟ್ಟದ ಮೇಲೆ ನಿಂತ ಬಾಹುಬಲಿಯಂತೂ ತನ್ನ ಯುಗದ ಮೊದಲ ಕಾಮದೇವ, ಚೆಲುವರಲ್ಲಿ ಚೆಲುವ. ಆ ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಅವನದನ್ನು ಅಲಂಕರಿಸಲೂ ಇಲ್ಲ, ಹಳಿಯಲೂ ಇಲ್ಲ. ಮೈ ತನ್ನದೆಂಬ ಮಮತೆಯನ್ನು ಬಿಟ್ಟು ನಿಲ್ಲುವ ಆ ಕಾಯೋತ್ಸರ್ಗವನ್ನೇ ಬಸದಿಯಲ್ಲಿ ಮಕ್ಕಳು ಒಂಬತ್ತು ಣಮೋಕಾರ, ಇಪ್ಪತ್ತೇಳು ಉಸಿರುಗಳ ಕಾಲ ಅಭ್ಯಾಸ ಮಾಡುತ್ತಾರೆ. ಅದರ ಅರ್ಥವನ್ನು ಅವರಿಗೆ ಬಿಡಿಸಿ ಹೇಳುವ ಹಿರಿಯರು ಕಡಿಮೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಅದರ ಎರಡನೆಯ ದಿನ ಉತ್ತಮ ಮಾರ್ದವ, ಮದವನ್ನು ಬಿಡುವ ದಿನ. ಆ ಒಂದು ದಿನವಾದರೂ ಮನೆಯಲ್ಲಿ ಯಾರೂ ಯಾರ ಮೈಬಣ್ಣ, ಎತ್ತರ, ತೂಕ, ಕೂದಲುಗಳ ವಿಷಯವನ್ನು ಎತ್ತಕೂಡದೆಂದು ವ್ರತವಿಟ್ಟರೆ, ಅದೆಷ್ಟು ಕಷ್ಟವೆಂಬುದು ಮಧ್ಯಾಹ್ನದೊಳಗೆ ತಿಳಿಯುತ್ತದೆ. ಉಪವಾಸಕ್ಕಿಂತ ಕಷ್ಟ. ಮರುದಿನವೂ ಮುಂದುವರಿಸಬಹುದು, ಪರ್ವಕ್ಕೆ ಇನ್ನೂ ಎಂಟು ದಿನಗಳಿರುತ್ತವೆ.

ತಾರುಣ್ಯದ ಹೊಸ್ತಿಲಲ್ಲಿರುವ ಮಕ್ಕಳೊಡನೆ ರೂಪದ ಮಾತನ್ನು ಹೇಗೆ ಆಡಬೇಕೆಂಬುದಕ್ಕೆ ಪುರಾಣದಲ್ಲಿ ಒಂದು ಮಾದರಿಯಿದೆ. ಜಿನಸೇನಾಚಾರ್ಯರ 'ಆದಿಪುರಾಣ'ದಲ್ಲಿ ವೃಷಭದೇವನ ಬಳಿಗೆ ಬ್ರಾಹ್ಮಿ, ಸುಂದರಿ ಎಂಬ ಇಬ್ಬರು ಹೆಣ್ಣುಮಕ್ಕಳು ಬಂದು ನಮಸ್ಕರಿಸುತ್ತಾರೆ. ತಂದೆ ಅವರನ್ನು ಅಕ್ಕರೆಯಿಂದ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಅವರ ರೂಪವನ್ನೂ ವಯಸ್ಸನ್ನೂ ನಡತೆಯನ್ನೂ ಕಂಡು ಮೆಚ್ಚಿ, ಇವು ವಿದ್ಯೆಯಿಂದ ಅಲಂಕೃತವಾದರೆ ನಿಮ್ಮ ಜನ್ಮ ಸಫಲವಾದೀತೆಂಬ ಅರ್ಥದ ಮಾತನ್ನಾಡುತ್ತಾನೆ. ರೂಪವನ್ನು ಅವನು ಕಾಣದಂತೆ ನಟಿಸಲಿಲ್ಲ, ಹೀಗಳೆಯಲೂ ಇಲ್ಲ. ಮಾತು ಅಲ್ಲಿಗೇ ನಿಲ್ಲಲಿಲ್ಲ, ಅಷ್ಟೆ. ಬಲಗೈಯಿಂದ ಬ್ರಾಹ್ಮಿಗೆ ಅಕ್ಷರಗಳನ್ನೂ, ಎಡಗೈಯಿಂದ ಸುಂದರಿಗೆ ಅಂಕೆಗಳನ್ನೂ ಬರೆದು ಕಲಿಸಿದನು. ಗಂಡುಮಕ್ಕಳ ಶಿಕ್ಷಣದ ವರ್ಣನೆ ಪುರಾಣದಲ್ಲಿ ಬರುವುದು ಇದರ ನಂತರ. ಮುಂದೆ ಇಬ್ಬರೂ ತಂದೆಯ ಸಮವಸರಣದಲ್ಲಿ ದೀಕ್ಷೆ ಪಡೆದರು; ಬ್ರಾಹ್ಮಿಯು ಆರ್ಯಿಕೆಯರ ಸಂಘಕ್ಕೆ ಗಣಿನಿಯಾದಳು.