ನದಿಯ ನೆಲ

ಹನಿಹನಿ ಗೂಡಿದರೆ ಹಳ್ಳ ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ಆದರೆ ಹಳ್ಳವನ್ನು ಸೇರಿದ ಹನಿಗಳು ಎಷ್ಟು ದೂರದಿಂದ ಬಂದವು, ಎಷ್ಟು ವಿಸ್ತಾರವಾದ ನೆಲದ ಮೇಲೆ ಬಿದ್ದವು ಎಂಬುದನ್ನು ಗಾದೆ ಹೇಳುವುದಿಲ್ಲ. ಭೂಪಟದಲ್ಲಿ ನದಿಯೆಂದರೆ ಒಂದು ನೀಲಿ ಗೆರೆ. ನಿಜವಾಗಿ ನದಿ ಆ ಗೆರೆಯಷ್ಟೇ ಅಲ್ಲ. ಗೆರೆಯ ಎರಡೂ ಬದಿಗೆ ಹರಡಿಕೊಂಡು, ತನ್ನ ಮೇಲೆ ಬಿದ್ದ ಮಳೆಯನ್ನು ಅದಕ್ಕೆ ಒಪ್ಪಿಸುವ ಬೆಟ್ಟ, ಕಾಡು, ಹೊಲ, ಊರುಗಳೆಲ್ಲವೂ ನದಿಗೆ ಸೇರಿದವೇ. ಈ ನೆಲವನ್ನು ಜಲಾನಯನ ಪ್ರದೇಶ ಎನ್ನುತ್ತಾರೆ. ಆನಯನ ಎಂದರೆ ತರುವುದು. ನೀರನ್ನು ತಂದುಕೊಡುವ ನೆಲವೇ ಜಲಾನಯನ ಪ್ರದೇಶ.

ಇದನ್ನು ಅಚ್ಚುಕಟ್ಟಿನೊಂದಿಗೆ ಬೆರೆಸಬಾರದು. ಕೆರೆಯ ಏರಿಯ ಕೆಳಗೆ, ಕೆರೆಯ ನೀರನ್ನು ಪಡೆದು ಬೆಳೆ ಕೊಡುವ ಭೂಮಿ ಅಚ್ಚುಕಟ್ಟು. ಕೆರೆಯ ಮೇಲುಗಡೆ ಇದ್ದು ಕೆರೆಗೆ ನೀರನ್ನು ಕೊಡುವ ಭೂಮಿ ಜಲಾನಯನ. ಒಂದು ಪಡೆಯುವ ನೆಲ, ಇನ್ನೊಂದು ಕೊಡುವ ನೆಲ.

ಹೆಂಚಿನ ಮನೆಯ ಮಾಡಿನ ಮೇಲೆ ಸುರಿದ ಮಳೆ ನೆತ್ತಿಯ ಎರಡು ಬದಿಗೂ ಇಳಿದು, ಒಂದು ಪಾಲು ಅಂಗಳವನ್ನೂ ಮತ್ತೊಂದು ಪಾಲು ಹಿತ್ತಿಲನ್ನೂ ಸೇರುತ್ತದೆ. ಭೂಮಿಗೂ ಇಂತಹ ನೆತ್ತಿಗಳಿವೆ. ಎರಡು ಜಲಾನಯನ ಪ್ರದೇಶಗಳನ್ನು ಬೇರ್ಪಡಿಸುವ ಈ ಎತ್ತರದ ಗೆರೆಗೆ ಜಲವಿಭಾಜಕ ಎಂದು ಹೆಸರು. ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಬಳಿ ಇಂತಹದೊಂದು ನೆತ್ತಿಯಿದೆ. ಅದರ ಒಂದು ಮಗ್ಗುಲಲ್ಲಿ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ನೇತ್ರಾವತಿಯೊಡನೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬೆಂಗಳೂರು ನಗರವೂ ಒಂದು ನೆತ್ತಿಯ ಮೇಲೆಯೇ ಕುಳಿತಿದೆ. ಅದರ ನೀರಿನ ಒಂದು ಪಾಲು ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸಲ್ಲುತ್ತದೆ. ಮತ್ತೊಂದು ಪಾಲು ದಕ್ಷಿಣ ಪಿನಾಕಿನಿಗೆ ಸಲ್ಲುತ್ತದೆ.

ಈ ನೆಲವನ್ನು ಅಳೆಯುವುದೇಕೆ? ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಸುರಿದರೆ ಬಿದ್ದ ನೀರು ಹತ್ತು ಸಾವಿರ ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್. ಅದೆಲ್ಲವೂ ಹಳ್ಳವನ್ನು ಸೇರುವುದಿಲ್ಲ. ಮಣ್ಣು ಕುಡಿದದ್ದು, ಗಿಡಮರಗಳು ಹೀರಿದ್ದು, ಬಿಸಿಲಿಗೆ ಆವಿಯಾದದ್ದು ಹೋಗಿ ಉಳಿದದ್ದು ಮಾತ್ರ ಹರಿಯುತ್ತದೆ. ಆದರೂ ಲೆಕ್ಕದ ಮೊದಲ ಮೆಟ್ಟಿಲು ನೆಲದ ವಿಸ್ತೀರ್ಣವೇ. ಮಳೆ ಎಷ್ಟು ಬಿತ್ತು ಎಂಬುದನ್ನು ಮಳೆಮಾಪಕ ಹೇಳಬಲ್ಲದು. ಎಷ್ಟು ನೆಲದ ಮೇಲೆ ಬಿತ್ತು ಎಂಬುದನ್ನು ಹೇಳಲಾರದು.

ಕೆರೆಯನ್ನು ಕಟ್ಟುವಾಗ ಹೆಚ್ಚಿನ ನೀರು ಹೊರಗೆ ಹೋಗಲು ಕೋಡಿಯನ್ನು ಬಿಡುತ್ತಾರೆ. ಅದರ ಅಗಲ ಎಷ್ಟಿರಬೇಕೆಂಬುದು ಮಹಾಪೂರದ ಪ್ರಮಾಣವನ್ನು ಅವಲಂಬಿಸಿದೆ. ಆ ಪ್ರಮಾಣವು ಜಲಾನಯನದ ವಿಸ್ತೀರ್ಣವನ್ನು ಅವಲಂಬಿಸಿದೆ. ಭಾರತದಲ್ಲಿ ಡಿಕೆನ್ಸ್ 1865ರಲ್ಲಿಯೂ ರೈವ್ಸ್ 1884ರಲ್ಲಿಯೂ ಮಹಾಪೂರವನ್ನು ಅಂದಾಜು ಮಾಡಲು ರೂಪಿಸಿದ ಸೂತ್ರಗಳಲ್ಲಿ, ಪ್ರದೇಶಕ್ಕೆ ತಕ್ಕ ಒಂದು ಗುಣಾಂಕವನ್ನು ಬಿಟ್ಟರೆ ಅಳೆದು ಹಾಕಬೇಕಾದ ಅಂಶ ವಿಸ್ತೀರ್ಣವೊಂದೇ. ಒಂದು ಕವಲನ್ನು ಮರೆತು, ಹನ್ನೆರಡು ಚದರ ಕಿಲೋಮೀಟರಿನ ಜಲಾನಯನವನ್ನು ಎಂಟೆಂದು ಬರೆದರೆ ಏನಾದೀತು? ಹತ್ತು ಸೆಂಟಿಮೀಟರ್ ಮಳೆ ಸುರಿದ ರಾತ್ರಿ, ಎಂಬತ್ತು ಕೋಟಿ ಲೀಟರ್ ಎಂದು ಎಣಿಸಿದ್ದ ನೆಲದ ಮೇಲೆ ನೂರಿಪ್ಪತ್ತು ಕೋಟಿ ಲೀಟರ್ ನೀರು ಬಿದ್ದಿರುತ್ತದೆ. ಕೋಡಿ ಸಾಲದೆ ನೀರು ಏರಿಯ ಮೇಲೆ ಹರಿದರೆ ಮಣ್ಣಿನ ಏರಿ ನಿಲ್ಲುವುದು ಕಷ್ಟ. ಕೆರೆಗಳು ಸಾಲಾಗಿರುವ ಕಡೆ ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಗೂ ಗಂಡಾಂತರವೇ. ಕಾಗದದ ಮೇಲಿನ ತಪ್ಪಿಗೆ ಊರು ಬೆಲೆ ತೆರಬೇಕಾಗುತ್ತದೆ.

ಅಳೆಯುವ ಕೆಲಸ ಭೂಪಟದಿಂದ ಮೊದಲಾಗುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟಗಳಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತಿ ರೇಖೆಗಳಿರುತ್ತವೆ. ಕಣಿವೆಯನ್ನು ದಾಟುವಾಗ ಈ ರೇಖೆಗಳು ಹಳ್ಳದ ಮೇಲ್ಭಾಗದ ಕಡೆಗೆ ಬಾಗುತ್ತವೆ. ದಿಣ್ಣೆಯನ್ನು ದಾಟುವಾಗ ತಗ್ಗಿನ ಕಡೆಗೆ ಬಾಗುತ್ತವೆ. ಇದನ್ನು ಗುರುತಿಸಲು ಕಲಿತವರಿಗೆ ಜಲವಿಭಾಜಕವನ್ನು ಎಳೆಯುವುದು ಕಷ್ಟವಲ್ಲ. ಕೆರೆಯನ್ನಾಗಲಿ ಸೇತುವೆಯನ್ನಾಗಲಿ ಕಟ್ಟುವ ಸ್ಥಳದಿಂದ ಹೊರಟು, ಸಮೋನ್ನತಿ ರೇಖೆಗಳನ್ನು ಲಂಬವಾಗಿ ದಾಟುತ್ತ, ದಿಣ್ಣೆಯಿಂದ ದಿಣ್ಣೆಗೆ ಏರಿ, ಹಳ್ಳದ ಹುಟ್ಟನ್ನು ಸುತ್ತಿ, ಇನ್ನೊಂದು ಬದಿಯಿಂದ ಹೊರಟಲ್ಲಿಗೇ ಇಳಿದು ಬರಬೇಕು. ಈ ಗೆರೆಯು ಹೊರಟ ಸ್ಥಳವೊಂದನ್ನು ಬಿಟ್ಟು ಬೇರೆಲ್ಲಿಯೂ ಹಳ್ಳವನ್ನು ದಾಟಕೂಡದು. ದಾಟಿದರೆ ಎಲ್ಲಿಯೋ ತಪ್ಪಿದೆ ಎಂದರ್ಥ.

ಹೀಗೆ ದೊರೆತ ಆಕೃತಿಯ ಅಂಚು ಅಂಕುಡೊಂಕು. ಉದ್ದವನ್ನು ಅಗಲದಿಂದ ಗುಣಿಸಿದರೆ ಅದರ ವಿಸ್ತೀರ್ಣ ಸಿಕ್ಕದು. ಆದ್ದರಿಂದ ಅದರ ಮೇಲೆ ಚೌಕಗಳುಳ್ಳ ಪಾರದರ್ಶಕ ಹಾಳೆಯನ್ನು ಇಡುತ್ತಾರೆ. ಒಳಗಿರುವ ಪೂರ್ಣ ಚೌಕಗಳನ್ನು ಎಣಿಸುತ್ತಾರೆ. ಅಂಚಿನಲ್ಲಿ ಅರ್ಧ ಅಥವಾ ಅರ್ಧಕ್ಕಿಂತ ಹೆಚ್ಚು ಒಳಗಿದ್ದ ಚೌಕವನ್ನು ಒಂದೆಂದು ಹಿಡಿದು, ಕಡಿಮೆಯಿದ್ದುದನ್ನು ಬಿಡುತ್ತಾರೆ. 1:50,000 ಪ್ರಮಾಣದ ಭೂಪಟದಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ಚದರ ಸೆಂಟಿಮೀಟರ್ ಎಂದರೆ ಕಾಲು ಚದರ ಕಿಲೋಮೀಟರ್. ಪೂರ್ಣ ಚೌಕಗಳು 38, ಅರ್ಧಕ್ಕೆ ಮೀರಿದವು 10 ಇದ್ದರೆ ಒಟ್ಟು 48. ವಿಸ್ತೀರ್ಣ 12 ಚದರ ಕಿಲೋಮೀಟರ್. ಚೌಕಗಳು ಚಿಕ್ಕವಾದಷ್ಟೂ ಲೆಕ್ಕ ನಿಖರವಾಗುತ್ತದೆ.

ಈ ಎಣಿಕೆಯ ಶ್ರಮವನ್ನು ತಪ್ಪಿಸಿದ ಉಪಕರಣ ಪ್ಲಾನಿಮೀಟರ್. ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಆಮ್ಸ್ಲರ್ 1854ರಲ್ಲಿ ಇದರ ಸರಳವಾದ ರೂಪವೊಂದನ್ನು ಕಂಡುಹಿಡಿದನು. ಕೀಲಿನಿಂದ ಕೂಡಿದ ಎರಡು ತೋಳುಗಳು, ಒಂದು ಚಿಕ್ಕ ಗಾಲಿ—ಇಷ್ಟೇ ಅದರ ಮುಖ್ಯ ಭಾಗಗಳು. ತೋಳಿನ ತುದಿಯ ಮೊನೆಯನ್ನು ಆಕೃತಿಯ ಅಂಚಿನ ಮೇಲೆ ಒಂದು ಸುತ್ತು ನಡೆಸಿದರೆ, ಗಾಲಿ ಉರುಳಿದ ಅಳತೆಯಿಂದ ಒಳಗಿನ ವಿಸ್ತೀರ್ಣ ತಿಳಿಯುತ್ತದೆ. ಎಲ್ಲೆಯ ಮೇಲೆ ನಡೆದು ಒಳಗಿನ ಹೊಲವನ್ನು ಅಳೆದಂತೆ!

ಜಲಾನಯನವು ಯಾವ ಸ್ಥಳಕ್ಕೆ ಸಂಬಂಧಿಸಿದ್ದು ಎಂಬುದನ್ನು ಹೇಳದೆ ಅದರ ಅಳತೆಯನ್ನು ಹೇಳಲಾಗದು. ಗೊರೂರಿನ ಅಣೆಕಟ್ಟೆಯ ಬಳಿ ಹೇಮಾವತಿಯ ಜಲಾನಯನ 2,810 ಚದರ ಕಿಲೋಮೀಟರ್. ಅಣೆಕಟ್ಟೆಯ ಬಳಿ ಹಾರಂಗಿಯದು ಸುಮಾರು 420. ಇವೆರಡರ ನೀರೂ ಕೃಷ್ಣರಾಜಸಾಗರದ ಕಡೆಗೆ ಹರಿಯುವುದರಿಂದ, ಕೃಷ್ಣರಾಜಸಾಗರದ 10,619 ಚದರ ಕಿಲೋಮೀಟರುಗಳಲ್ಲಿ ಅವೂ ಅಡಕವಾಗಿವೆ. ಕಪಿಲೆಯಾದರೋ ಕೆಳಗೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆದ್ದರಿಂದ ಅದು ಈ ಲೆಕ್ಕಕ್ಕೆ ಸೇರದು. ಹೀಗೆ ಕೂಡುತ್ತ ಕೂಡುತ್ತ ಸಮುದ್ರವನ್ನು ಮುಟ್ಟುವಾಗ ಕಾವೇರಿಯ ನೆಲ 81,155 ಚದರ ಕಿಲೋಮೀಟರ್ ಆಗಿರುತ್ತದೆ.

ಇಂದು ಆಕಾಶದಿಂದಲೂ ಈ ಅಳತೆ ನಡೆಯುತ್ತದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಂತರಿಕ್ಷ ನೌಕೆ ರೇಡಾರಿನ ನೆರವಿನಿಂದ ಭೂಮಿಯ ನೆಲಭಾಗದ ಸುಮಾರು ಐದರಲ್ಲಿ ನಾಲ್ಕು ಪಾಲಿನ ಎತ್ತರಗಳನ್ನು ಅಳೆಯಿತು. ಇಂತಹ ಅಂಕಿಗಳನ್ನು ಪಡೆದ ಗಣಕಯಂತ್ರವು ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದ ನೀರು ಸುತ್ತಲಿನ ಎಂಟು ಚೌಕಗಳಲ್ಲಿ ಯಾವುದಕ್ಕೆ ಇಳಿಯುವುದೆಂದು ನೋಡುತ್ತದೆ. ಬಳಿಕ ಒಂದು ಸ್ಥಳಕ್ಕೆ ನೀರು ಕೊಡುವ ಚೌಕಗಳನ್ನೆಲ್ಲ ಎಣಿಸುತ್ತದೆ. ಉಪಕರಣ ಬದಲಾಗಿದೆ, ಚೌಕಗಳ ಎಣಿಕೆ ಉಳಿದುಕೊಂಡಿದೆ. ಆದರೆ ಬಯಲು ಸೀಮೆಯಲ್ಲಿ ಒಂದು ರಸ್ತೆಯ ದಿಬ್ಬ, ಒಂದು ಕಾಲುವೆಯ ಏರಿ ನೀರಿನ ದಾರಿಯನ್ನು ತಿರುಗಿಸಬಲ್ಲದು. ಅಷ್ಟು ಸಣ್ಣ ಏರುತಗ್ಗು ಆಕಾಶದ ಕಣ್ಣಿಗೆ ತಪ್ಪಿಹೋಗಬಹುದು. ಅಲ್ಲಿ ಅಳೆಯುವವನು ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಮಳೆಗಾಲದಲ್ಲಿ ನೀರು ಯಾವ ಕಡೆ ಹರಿಯುತ್ತದೆಂದು ಊರಿನ ರೈತರನ್ನು ಕೇಳಬೇಕು.

ಮನುಷ್ಯನು ಎಳೆದ ಗಡಿಗಳನ್ನು ನೀರು ಲೆಕ್ಕಿಸುವುದಿಲ್ಲ. ಕಾವೇರಿಯ ನೆಲದಲ್ಲಿ 34,273 ಚದರ ಕಿಲೋಮೀಟರ್ ಕರ್ನಾಟಕದಲ್ಲಿದೆ, 2,866 ಕೇರಳದಲ್ಲಿದೆ, ಉಳಿದ 44,016 ತಮಿಳುನಾಡು ಮತ್ತು ಕಾರೈಕಾಲಿನಲ್ಲಿದೆ. ನೀರನ್ನು ಹಂಚಿಕೊಳ್ಳುವವರು ಮೊದಲು ನೆಲವನ್ನು ಅರಿಯಬೇಕು. ನೆತ್ತಿಯ ಕಾಡು ಬೋಳಾದರೆ ಕೆಳಗಿನ ಕೆರೆಯಲ್ಲಿ ಹೂಳು ತುಂಬುತ್ತದೆ. ಮೇಲಿನ ಊರಿನ ಕೊಳೆ ಕೆಳಗಿನ ಊರಿನ ನೀರನ್ನು ಸೇರುತ್ತದೆ. ನದಿಯ ದಡದಲ್ಲಿರುವವನು ಮಾತ್ರವಲ್ಲ, ನದಿಯನ್ನು ಎಂದೂ ಕಾಣದೆ ದೂರದ ದಿಣ್ಣೆಯ ಮೇಲೆ ಉಳುವವನೂ ನದಿಗೆ ಸೇರಿದವನೇ. ಊರಿನ ಚರಂಡಿಯ ನೀರು ಕೊನೆಗೆ ಯಾವ ನದಿಯನ್ನು ಸೇರುತ್ತದೆ ಎಂಬುದನ್ನು ತಿಳಿದ ವಿದ್ಯಾರ್ಥಿ ತನ್ನ ನಿಜವಾದ ನೆರೆಹೊರೆಯನ್ನು ತಿಳಿದಂತೆ.