ಮಾಳಿಗೆ: ಒಂದು ಛಾವಣಿ ಶಬ್ದದ ಅರ್ಥ ಮತ್ತು ನಿಷ್ಪತ್ತಿ

ಬ್ಯಾಡಗಿ, ರಾಣೇಬೆನ್ನೂರು ಸೀಮೆಯ ಹಳೆಯ ಖರೀದಿಪತ್ರ, ವಾಟಣಿಪತ್ರಗಳಲ್ಲಿ ‘ಮಾಳಿಗೆ ಮನೆ’ ಎಂಬ ಮಾತು ಬರುತ್ತದೆ. ಮೈಸೂರು ಕಡೆಯ ಓದುಗನಿಗೆ, ಕಾವ್ಯಗಳ ಮೂಲಕವೇ ಈ ಶಬ್ದವನ್ನು ಬಲ್ಲವನಿಗೆ, ಅದು ಮಹಡಿಯುಳ್ಳ ಸಿರಿವಂತರ ಮನೆಯೆಂದು ತೋರುವುದು ಸಹಜ. ಆದರೆ ಪತ್ರ ಬರೆದವನ ಮನಸ್ಸಿನಲ್ಲಿದ್ದುದು ಒಂದೇ ಅಂತಸ್ತಿನ, ಮಣ್ಣು ಹೊದಿಸಿದ ಸಮತಟ್ಟು ಛಾವಣಿಯ ಮನೆ. ಹೆಂಚಿನ ಮನೆ, ಹುಲ್ಲಿನ ಮನೆ ಎಂಬ ಇನ್ನೆರಡು ಬಗೆಗಳಿಂದ ಅದನ್ನು ಬೇರ್ಪಡಿಸಲು ಆತ ಈ ಮಾತನ್ನು ಬಳಸಿದ್ದಾನೆ. ಈ ವ್ಯತ್ಯಾಸವನ್ನು ಅರಿಯದೆ ಇಂಥ ದಾಖಲೆಗಳ ಆಧಾರದಿಂದ ಒಂದು ಊರಿನ ಸಂಪತ್ತನ್ನು ಅಳೆಯಹೊರಟರೆ ಸಾಮಾನ್ಯ ಒಕ್ಕಲಿಗನ ಮನೆಯೂ ಉಪ್ಪರಿಗೆಯಾಗಿಬಿಡುತ್ತದೆ. ಆದುದರಿಂದ ಈ ಶಬ್ದದ ಅರ್ಥವಿಚಾರವು ಕೇವಲ ನಿಘಂಟುಕಾರರಿಗೆ ಸಂಬಂಧಿಸಿದ್ದಲ್ಲ.

೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯು ಛಾವಣಿಗಳ ದೃಷ್ಟಿಯಿಂದ ಒಂದು ಗಡಿನಾಡು. ಪಶ್ಚಿಮಕ್ಕೆ ಹಾನಗಲ್ಲಿನ ಅರೆಮಲೆನಾಡಿನಲ್ಲಿ ಮಳೆ ಹೆಚ್ಚು. ಅಲ್ಲಿ ಇಳಿಜಾರಾದ ಹೆಂಚಿನ ಮನೆ ವಾಡಿಕೆ. ಪೂರ್ವಕ್ಕೆ ರಾಣೇಬೆನ್ನೂರಿನತ್ತ ಸಾಗಿದಂತೆ ಮಳೆ ತಗ್ಗುತ್ತದೆ, ಮಾಳಿಗೆ ಕಾಣತೊಡಗುತ್ತದೆ. ಬ್ಯಾಡಗಿ ಇವೆರಡರ ನಡುವಿನದು. ಅಲ್ಲಿಂದ ಮುಂದೆ ಚಿತ್ರದುರ್ಗ, ಬಳ್ಳಾರಿಗಳವರೆಗೂ ಮಣ್ಣಿನ ಮಾಳಿಗೆಯದೇ ಸೀಮೆ. ಆಡುಮಾತಿನಲ್ಲಿ ಶಬ್ದದ ರೂಪ ‘ಮಾಳಿಗಿ’, ‘ಮಾಳಗಿ’. ಪದಾಂತ್ಯದ ಎಕಾರವು ಇಕಾರವಾಗುವುದು ಧಾರವಾಡ ಕನ್ನಡದ ಸಾಮಾನ್ಯ ಲಕ್ಷಣವೇ ಆಗಿದೆ.

ಶಬ್ದದ ಅರ್ಥವನ್ನು ಹಿಡಿಯಲು ವಸ್ತುವಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಮಾಳಿಗೆಯ ಭಾರವನ್ನು ಹೊರುವುದು ಮುಖ್ಯವಾಗಿ ಗೋಡೆಯಲ್ಲ, ಮರದ ಕಂಬ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತೆಗಳು. ಉಳ್ಳವರು ಜಂತೆಯ ಮೇಲೆ ಹಲಗೆ ಹಾಸುತ್ತಿದ್ದರು. ಇಲ್ಲದವರು ಸೀಳಿದ ಕಟ್ಟಿಗೆಯನ್ನೋ ಕಡ್ಡಿಗಳನ್ನೋ ಹಾಸಿ ಮೇಲೆ ಬೇವು, ಲಕ್ಕಿ ಮುಂತಾದ ಗಿಡಗಳ ಸೊಪ್ಪು ಹರಡುತ್ತಿದ್ದರು. ಆ ಸೊಪ್ಪಿನ ಮೇಲೆ ಕಲಸಿದ ಕೆಸರು, ಎಲ್ಲಕ್ಕೂ ಮೇಲೆ ಉಪ್ಪಿನಂಶವುಳ್ಳ ಸವಳು ಮಣ್ಣು. ಈ ಕೊನೆಯ ಪದರವೇ ಮಾಳಿಗೆಯ ಜೀವ. ಸವಳಿನ ಜೇಡಿ ನೀರು ತಗುಲಿದಾಗ ಬಿಡಿಬಿಡಿಯಾದ ಅತಿಸಣ್ಣ ಕಣಗಳಾಗಿ ಚದುರಿ, ಮಣ್ಣಿನ ರಂಧ್ರಗಳನ್ನು ತಾನೇ ಮುಚ್ಚಿಬಿಡುತ್ತದೆ. ಮೊದಲ ಮಳೆಗೆ ಅಲ್ಪಸ್ವಲ್ಪ ಸೋರಿದರೂ ಮುಂದಿನ ಮಳೆಗೆ ನೀರು ಕೆಳಗಿಳಿಯದು. ಹೊಲದಲ್ಲಿ ಬೆಳೆಗೆ ಶಾಪವಾದ ಮಣ್ಣು ಮನೆಯ ನೆತ್ತಿಯಲ್ಲಿ ರಕ್ಷಕವಾಗುತ್ತಿದ್ದುದು ಹೀಗೆ. ಮಾಳಿಗೆಯ ಸುತ್ತ ತುಸು ಎತ್ತರಿಸಿದ ಅಂಚು ಕುಂಬಿ. ಅದನ್ನು ತೂರಿ ನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುವುದು ಹರನಾಳಿಗೆ. ಒಳಗೆ ಬೆಳಕು ಬೀಳಲು, ಹೊಗೆ ಹೋಗಲು ಮಾಳಿಗೆಯಲ್ಲೇ ಬಿಟ್ಟ ತೂತು ಬೆಳಕಿಂಡಿ. ಮಳೆ ಬಂದಾಗ ಅದರ ಬಾಯಿ ಮುಚ್ಚಬೇಕು. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಕಾಳುಕಡಿ, ಮೆಣಸಿನಕಾಯಿ ಒಣಗುತ್ತಿದ್ದವು. ಬೇಸಗೆಯ ರಾತ್ರಿ ಜನ ಅಲ್ಲೇ ಮಲಗುತ್ತಿದ್ದರು. ಎಂದರೆ ಮಾಳಿಗೆಯು ಮನೆಗೆ ಹೊದಿಕೆಯೂ ಹೌದು, ಕಾಲಿಟ್ಟು ನಡೆಯುವ ನೆಲವೂ ಹೌದು. ಅರ್ಥಗಳು ಕವಲೊಡೆದುದು ಈ ಎರಡು ಗುಣಗಳ ನಡುವೆಯೇ.

ನಿಷ್ಪತ್ತಿಯ ವಿಷಯದಲ್ಲಿ ಎರಡು ದಾರಿಗಳಿವೆ. ಸಂಸ್ಕೃತದ ‘ಮಾಲಿಕಾ’ ಶಬ್ದದಿಂದ ಇದು ಬಂದಿತೆಂಬುದು ಮೊದಲನೆಯದು. ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕ್ಷಳವೆಂದು ಗುರುತಿಸಿದ್ದಾನೆ, ಮಲ್ಲಿಕಾ ಎಂಬುದು ಮಲ್ಲಿಗೆಯಾದಂತೆ ಕೊನೆಯ ಕಕಾರ ಗಕಾರವಾಗುವುದೂ ಕ್ರಮಬದ್ಧವೇ. ಸಾಲು ಎಂಬ ಮೂಲಾರ್ಥದಿಂದ ಕಂಬಗಳ ಸಾಲು, ಅದರಿಂದ ಆ ಸಾಲು ಹೊತ್ತ ಕಟ್ಟಡ ಎಂದು ಅರ್ಥವನ್ನು ಕೂಡಿಸಬಹುದು. ಎರಡನೆಯದು ದ್ರಾವಿಡ ಮೂಲ. ಹಳಗನ್ನಡ ಕಾವ್ಯಗಳ ಮಾಡ, ಕರುಮಾಡಗಳು, ಆಡುಮಾತಿನ ಮಾಡಿ, ತಮಿಳಿನ ಮಾಡಂ, ತುಳುವಿನಲ್ಲಿ ದೈವದ ಗುಡಿಯನ್ನು ಸೂಚಿಸುವ ಮಾಡ ಇವೆಲ್ಲ ಒಂದೇ ಕುಲದವು. ಮಧುರೆಗೆ ಪ್ರಾಚೀನ ತಮಿಳಿನಲ್ಲಿ ನಾನ್ಮಾಡಕ್ಕೂಡಲ್ ಎಂಬ ಹೆಸರಿದ್ದುದನ್ನು ನೆನೆದರೆ ಈ ಕುಲದ ಹಳಮೆ ತಿಳಿಯುತ್ತದೆ. ಮೂರ್ಧನ್ಯವು ಳಕಾರವಾಗುವುದಕ್ಕೂ, ಘಟಿಕಾ ಎಂಬುದು ಗಳಿಗೆಯಾದಂತೆ, ನಿದರ್ಶನವಿದೆ.

ಧ್ವನಿನಿಯಮಗಳು ಎರಡೂ ಪಕ್ಷಗಳಿಗೆ ಒದಗುವುದರಿಂದ ನಿರ್ಣಯವನ್ನು ಅರ್ಥದಿಂದಲೇ ಹುಡುಕಬೇಕು. ಕರಾವಳಿಯ ಕನ್ನಡದಲ್ಲಿ ಇಳಿಜಾರಾದ ಛಾವಣಿಗೆ ಇಂದಿಗೂ ‘ಮಾಡು’ ಎಂಬುದೇ ಹೆಸರು. ಅಂತಸ್ತಿನ ಸೋಂಕಿಲ್ಲದೆ ಕೇವಲ ಹೊದಿಕೆಯೆಂಬ ಅರ್ಥ ಅಲ್ಲಿ ನಿಚ್ಚಳವಾಗಿದೆ. ಪೂರ್ವದ ಬಯಲುಸೀಮೆಯ ಸಮತಟ್ಟಾದ ಮಾಳಿಗೆ, ಪಶ್ಚಿಮದ ಇಳಿಜಾರಿನ ಮಾಡು ಎರಡೂ ಛಾವಣಿಯನ್ನೇ ಹೇಳುತ್ತಿರುವಾಗ ಆ ಅರ್ಥವನ್ನು ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿದ್ದೆಂದು ಭಾವಿಸುವುದು ಕಷ್ಟ. ಮರಾಠಿಯಲ್ಲಿಯೂ ಮಣ್ಣಿನ ಸಮತಟ್ಟು ಛಾವಣಿಗೆ ‘ಮಾಳವದ’ ಎಂದೂ ಮೇಲಂತಸ್ತಿಗೆ ‘ಮಾಡೀ’ ಎಂದೂ ಹೆಸರುಂಟು. ಆದ್ದರಿಂದ ದ್ರಾವಿಡ ಮೂಲವೇ ಹೆಚ್ಚು ಸಂಭಾವ್ಯ. ಸಂಸ್ಕೃತದ ಮಾಲಿಕಾ ಅದಕ್ಕೆ ಶಿಷ್ಟ ವೇಷವನ್ನು ತೊಡಿಸಿರಬಹುದು. ತಂಜಾವೂರಿನ ರಾಜರಾಜೇಶ್ವರ ದೇವಾಲಯದ ಪ್ರಾಕಾರಕ್ಕೆ ಹೊಂದಿಕೊಂಡ ಕಂಬಸಾಲಿನ ಹಜಾರವನ್ನು ಅಲ್ಲಿನ ಚೋಳ ಶಾಸನ ‘ತಿರುಚ್ಚುಟ್ರುಮಾಳಿಗೈ’ ಎನ್ನುತ್ತದೆ. ಅದನ್ನು ಕಟ್ಟಿಸಿದವನು ರಾಜರಾಜನ ಸೇನಾನಿ ಕೃಷ್ಣನ್ ರಾಮನ್. ಅಲ್ಲಿಯ ಮಾಳಿಗೆಯೂ ಮೇಲಂತಸ್ತಲ್ಲ, ಕಂಬಗಳು ಹೊತ್ತ ಸಮತಟ್ಟು ಹೊದಿಕೆಯ ರಚನೆ ಎಂಬುದು ಗಮನಾರ್ಹ. ಮಲಯಾಳದ ‘ಮಾಳಿಕ’ ಮಾತ್ರ ಮಹಡಿ, ಹಿರಿಮನೆಗಳ ಅರ್ಥದಲ್ಲಿ ನೆಲೆನಿಂತಿದೆ.

ನೆಲಮಾಳಿಗೆ ಎಂಬ ಸಮಾಸ ಇಲ್ಲಿ ಸಾಕ್ಷಿ ನುಡಿಯುತ್ತದೆ. ತೆಲುಗಿನಲ್ಲಿಯೂ ಅದು ನೇಲಮಾಳಿಗ. ಮಾಳಿಗೆಯೆಂದರೆ ಮೇಲಂತಸ್ತು ಎಂದೇ ಆದರೆ ನೆಲದೊಳಗಿನ ಕೋಣೆಗೆ ಆ ಹೆಸರು ವಿರೋಧಾಭಾಸವಾಗುತ್ತದೆ. ಮಾಳಿಗೆಯು ಮೂಲತಃ ಹೊದಿಕೆಯಾಗಿದ್ದರೆ, ನೆಲವನ್ನೇ ಮಾಳಿಗೆಯಾಗಿ ಉಳ್ಳ ಕೋಣೆ ನೆಲಮಾಳಿಗೆ ಎಂದು ಸರಾಗವಾಗಿ ಬಿಡಿಸಬಹುದು. ಆ ಹೊತ್ತಿಗಾಗಲೇ ಮಾಳಿಗೆಗೆ ‘ಅಂತಸ್ತು’ ಎಂಬ ಸಾಮಾನ್ಯಾರ್ಥ ಬಂದಿದ್ದೀತು ಎಂಬ ಆಕ್ಷೇಪಕ್ಕೆ ಎಡೆಯುಂಟು. ಆದರೂ ಮೊದಲ ವಿವರಣೆಯೇ ಸರಳ. ಕೆಳಗಿನವನಿಗೆ ಛಾವಣಿಯಾದದ್ದು ಅದರ ಮೇಲೆ ಇನ್ನೊಂದು ಮನೆ ಎದ್ದಾಗ ಮೇಲಿನವನಿಗೆ ನೆಲವಾಗುತ್ತದೆ. ಎರಡಂತಸ್ತು ಕಟ್ಟಬಲ್ಲವರಿದ್ದ ರಾಜಧಾನಿಗಳಲ್ಲಿ, ಆ ರಾಜಧಾನಿಗಳನ್ನು ವರ್ಣಿಸಿದ ಕಾವ್ಯಗಳಲ್ಲಿ, ಈ ಎರಡನೆಯ ಅರ್ಥ ಬೆಳೆಯಿತು. ಒಂದೇ ಅಂತಸ್ತಿನ ಹಳ್ಳಿಗಳಲ್ಲಿ ಮೊದಲನೆಯದು ಉಳಿಯಿತು. ಅಂಗಡಿಯೆಂಬ ಅರ್ಥದ ‘ಮಳಿಗೆ’ಯನ್ನು ಇದೇ ಶಬ್ದಕ್ಕೆ ಗಂಟುಹಾಕುವುದುಂಟು, ಮೊದಲ ದೀರ್ಘವು ಹ್ರಸ್ವವಾದುದಕ್ಕೆ ಕಾರಣ ಹೇಳದೆ ಅದನ್ನು ಒಪ್ಪುವಂತಿಲ್ಲ.

ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮಳೆಗಾಲದ ಮೊದಲು ಹೊಸ ಮಣ್ಣು ಹಾಕಬೇಕು. ಹಳೆಯದನ್ನು ಕೆರೆದು ತೆಗೆಯದೆ ಹಾಕುತ್ತ ಹೋದರೆ ಭಾರ ಹೆಚ್ಚಿ ಜಂತೆ ಬಾಗುತ್ತದೆ. ೨೦೧೯ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಹಾವೇರಿಯೂ ಸೇರಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಬಹುಸಂಖ್ಯೆಯಲ್ಲಿ ಕುಸಿದವು. ಅಂಥ ಮನೆಗಳ ಜಾಗದಲ್ಲಿ ಕಾಂಕ್ರೀಟಿನ ಛಾವಣಿಗಳು ಏಳುತ್ತಿವೆ. ಅವುಗಳ ಜೊತೆಗೆ ಸ್ಲ್ಯಾಬು, ಟೆರೇಸು ಎಂಬ ಮಾತುಗಳು ನೆಲೆಗೊಂಡಿವೆ. ಬೋದಿಗೆ, ಕುಂಬಿ, ಬೆಳಕಿಂಡಿಗಳಿಗೆ ಹೊಸ ಮನೆಯಲ್ಲಿ ಜಾಗವಿಲ್ಲ. ಸರ್ಕಾರಿ ಲೆಕ್ಕದಲ್ಲಂತೂ ಮಾಳಿಗೆ ಬೇರೆಯಾಗಿ ಕಾಣುವುದೇ ಇಲ್ಲ. ೨೦೦೧ ಮತ್ತು ೨೦೧೧ರ ಜನಗಣತಿಗಳು ಛಾವಣಿಯ ಸಾಮಗ್ರಿಯನ್ನು ವಿಂಗಡಿಸುವಾಗ ಹುಲ್ಲು, ಬಿದಿರು, ಮರ, ಮಣ್ಣು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿದವು. ತೊಲೆ ಜಂತೆಗಳ ಮೇಲೆ ತಲೆಮಾರುಗಳ ಕಾಲ ನಿಂತ ಮನೆಯೂ ಹೊಲದಂಚಿನ ಹುಲ್ಲಿನ ಗುಡಿಸಲೂ ಆ ಕೋಷ್ಟಕದಲ್ಲಿ ಒಂದೇ. ಹಳೆಯ ಪತ್ರದ ‘ಮಾಳಿಗೆ ಮನೆ’ಯನ್ನು ಉಪ್ಪರಿಗೆಯೆಂದು ಓದಿದವನು ಅದರ ಬೆಲೆಯನ್ನು ಏರಿಸಿದರೆ, ಈ ಕೋಷ್ಟಕವನ್ನು ನಂಬಿದವನು ಅದನ್ನು ಗುಡಿಸಲಿನ ಮಟ್ಟಕ್ಕೆ ಇಳಿಸುತ್ತಾನೆ. ಬ್ಯಾಡಗಿಯ ವಾಟಣಿಪತ್ರಗಳನ್ನು ಸಂಪಾದಿಸಹೊರಟವರು ಈ ಎರಡನ್ನೂ ಬದಿಗಿಟ್ಟು, ಅದೇ ಪತ್ರದಲ್ಲಿ ಕಂಬ, ತೊಲೆ, ಹರನಾಳಿಗೆಗಳ ಹಕ್ಕನ್ನು ಹೇಳಿರುವ ಸಾಲುಗಳಿವೆಯೇ ಎಂದು ಮೊದಲು ನೋಡಬೇಕು.