ಚೀಟಿಯಿಲ್ಲದ ತೋಟ

ಬೇಲೂರಿನ ಮದನಿಕೆಯರ ಮುಖ ನೋಡಿದ್ದು ಸಾಕು, ಒಮ್ಮೆ ಅವರ ತಲೆಯ ಮೇಲೆ ನೋಡಿ. ಒಬ್ಬೊಬ್ಬಳಿಗೂ ಎಲೆಬಳ್ಳಿಯ ಚಪ್ಪರ. ಒಂದರಲ್ಲಿ ಹಣ್ಣಿನ ಮೇಲೆ ನೊಣ ಕೂತಿದೆ, ಅದಕ್ಕೆ ಹಲ್ಲಿ ಹೊಂಚು ಹಾಕಿದೆ. ಇಷ್ಟೆಲ್ಲ ಕಡೆದ ಶಿಲ್ಪಿಗಳು ಅಲ್ಲಲ್ಲಿ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಬಳ್ಳಿಯ ಹೆಸರು ಮಾತ್ರ ಇಲ್ಲ.

ಹೆಸರಿಲ್ಲದಿದ್ದರೆ ಜಗಳ ಗ್ಯಾರಂಟಿ. ಹೊಯ್ಸಳ ವಿಗ್ರಹಗಳ ಕೈಯಲ್ಲಿರುವ ತೆನೆಯಂಥದ್ದು ಮುಸುಕಿನ ಜೋಳವೇ ಎಂದು 1989ರಲ್ಲಿ ಅಮೆರಿಕದ ಕಾರ್ಲ್ ಜೊಹಾನ್ಸೆನ್ ಮತ್ತು ಆನ್ ಪಾರ್ಕರ್ ವಾದಿಸಿದರು. ಹಾಗಾದರೆ ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಬಂದಿತ್ತೇ? ಅದು ಜೋಳವಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು 'ಮುಕ್ತಾಫಲ' ಎಂದರು ನಮ್ಮ ದೇಶದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್. ನನಗೂ ಹಾಗೇ ಅನಿಸುತ್ತದೆ. ಹಳೇಬೀಡಿನ ಸುತ್ತ ಈಗ ಹೊಲಹೊಲದಲ್ಲೂ ಮುಸುಕಿನ ಜೋಳ; ಕಲ್ಲಿನಲ್ಲೂ ಅದೇ ಕಂಡರೆ ಆಶ್ಚರ್ಯವೇನು!

ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸವೂ ಹೆಸರು ಬರೆದ ಚೀಟಿಯೇ: ಯಾವ ಗಿಡ, ಎಲ್ಲಿಂದ ಬಂತು, ಯಾವಾಗ ಬಂತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್ ಹೊರನಾಡಿನ ಗಿಡ ತರಿಸಿ, ಬೆಳೆಸಿ, ಹಂಚಿತು. ಜಾನ್ ಕ್ಯಾಮರನ್ ತರಿಸಿದ ಸೀಮೆಬದನೆ ನಮ್ಮ ಸಾಂಬಾರಿಗೇ ಸೇರಿಕೊಂಡಿತು. ಎಲ್ಲ ನೆಂಟರೂ ಅಷ್ಟು ಒಳ್ಳೆಯವರಲ್ಲ. ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಂದಕ್ಕೆಂದು ಬಂದ ಲಂಟಾನ ಇವತ್ತು ಅರಸೀಕೆರೆಯ ಬೋರೆಗಳನ್ನು ಹತ್ತಿ ಕೂತಿದೆ.

ಇನ್ನು ಹಾಸನ ಜಿಲ್ಲೆಯ ಗಿಡಗಳ ದೊಡ್ಡ ಸಂಗ್ರಹ ಇರುವುದು ತೋಟದಲ್ಲಲ್ಲ, ಒಣಗಿಸಿದ ರೆಂಬೆಗಳಾಗಿ ಬೀರುಗಳಲ್ಲಿ. ಆ ಸಂಗ್ರಹದ ಆಧಾರದ ಮೇಲೆ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲಿ ಹೊರಬಂತು. ಸಕಲೇಶಪುರದ ಮಳೆಕಾಡಿನಿಂದ ಅರಸೀಕೆರೆಯ ಒಣ ಕುರುಚಲಿನವರೆಗೆ, ಎಲ್ಲವೂ ಒಂದೇ ಜಿಲ್ಲೆಯೊಳಗೆ.

ಇಂಥ ಸಂಗ್ರಹದ ಕೆಲಸ ಕೇಳಲು ಸುಲಭ. ಹೂಬಿಟ್ಟ ರೆಂಬೆ ಕತ್ತರಿಸಿ, ಹಳೇ ಪೇಪರಿನ ಮಡಿಕೆಯಲ್ಲಿಟ್ಟು, ಹಲಗೆಗಳ ನಡುವೆ ಬಿಗಿದು ಒಣಗಿಸಬೇಕು. ಆಮೇಲೆ ದಪ್ಪ ಹಾಳೆಗೆ ಅಂಟಿಸಬೇಕು. ಮಳೆಗಾಲದಲ್ಲಿ ಪೇಪರ್ ಬದಲಿಸಲು ಸೋಮಾರಿತನ ಮಾಡಿದಿರೋ, ಬೂಸ್ಟು. ಒಣಗಿದ ಹೂವಿನ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಬಣ್ಣ, ಎತ್ತರ, ಊರು, ತಾರೀಕು, ಕಿತ್ತವರ ಹೆಸರು ಎಲ್ಲವೂ ಮೂಲೆಯ ಚೀಟಿಗೆ ಹೋಗುತ್ತವೆ.

ಸೇಂಟ್ ಜೋಸೆಫ್ ಕಾಲೇಜಿನ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಆ ಸಂಗ್ರಹ, ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅದರ ಸಂಕೇತಾಕ್ಷರ ಜೆಸಿಬಿ. ಮಣ್ಣೆತ್ತುವ ಯಂತ್ರ ನೆನಪಾದರೆ ತಪ್ಪು ನಿಮ್ಮದಲ್ಲ. ಅರಸೀಕೆರೆಯ ಬೋರೆಯಲ್ಲಿ ಲಂಟಾನ ಕಿತ್ತು ಬೇರೇನು ನೆಡೋಣ ಎನ್ನುವವರು ನರ್ಸರಿಗೆ ಹೋಗುವ ಮೊದಲು, ಅಲ್ಲಿ ಹಿಂದೆ ಏನು ಬೆಳೆಯುತ್ತಿತ್ತು ಎಂದು ಆ ಬೀರು ತೆಗೆಸಿ ನೋಡಬೇಕು.